ಒಂದು ಬಟ್ಟಲು ಎಂದರೆ ಎಷ್ಟು

ಪ್ರಶ್ನೆ ಒಂದು: ಹಸಿವಾದದ್ದು ನಿಮಗೆ ಹೇಗೆ ಗೊತ್ತಾಗುತ್ತದೆ?
ಹನ್ನೆರಡನೇ ರೂಮಿನ ದುರುಗಮ್ಮ ನಕ್ಕಳು.
"ಎಂಟಕ್ಕ ಗಂಟಿ ಹೊಡೀತಾರಲ್ಲಕ್ಕ.
ಆಮ್ಯಾಲೆ ಹೋದ್ರ ಸಾರಿನ್ಯಾಗ ನೀರೇ ಇರ್ತದ."
ಬಾಹ್ಯ ಸೂಚನೆ ಎಂದು ಬರೆದುಕೊಂಡೆ.
ಪೆನ್ನಿಗೆ ಒಂಚೂರು ನಾಚಿಕೆಯಾಯಿತು.

ಅಕ್ಟೋಬರಿನಲ್ಲೂ ರಾಯಚೂರಿನ ಗೋಡೆ
ರಾತ್ರಿ ಒಂಬತ್ತಕ್ಕೆ ಹೆಂಚಿನಷ್ಟು ಬಿಸಿ.
ಕೈಯಲ್ಲಿ ನಲವತ್ತು ಹಾಳೆ, ಒಂದೊಂದರಲ್ಲೂ ಇಪ್ಪತ್ತಮೂರು ಪ್ರಶ್ನೆ,
ಯಾವುದೋ ದೇಶದ ಹೊಟ್ಟೆಗೆ ಅಳತೆ ತೆಗೆದು ಹೊಲಿದದ್ದು.
ಕನ್ನಡಕ್ಕೆ ತಂದವಳು ನಾನೇ;
ತೋಳು ಉದ್ದವಾಯಿತು, ಕುತ್ತಿಗೆ ಬಿಗಿಯಾಯಿತು.

ಪ್ರಶ್ನೆ ಏಳು: ದಿನಕ್ಕೆ ಎಷ್ಟು ಬಟ್ಟಲು ತರಕಾರಿ, ಹಣ್ಣು?
ಫರ್ಹಾನಾ ಬೆರಳು ಮಡಚಿದಳು:
ಸಾಂಬಾರಿನಲ್ಲಿ ತೇಲಿದ ಕುಂಬಳದ ಹೋಳು ಎರಡು,
ಬದನೆಯ ತೊಟ್ಟು ಒಂದು,
"ಕರಿಬೇವು ಲೆಕ್ಕಕ್ಕ ಬರ್ತದೇನು?"
ಭಾನುವಾರಕ್ಕೊಂದು ಬಾಳೆಹಣ್ಣು, ವಾರ್ಡನ್ ಸಹಿ ಮಾಡಿಸಿಕೊಂಡು ಕೊಡುವುದು,
ಸಿಪ್ಪೆ ಕಪ್ಪಾಗಿದ್ದರೂ ಸಹಿ ಪೂರ್ತಿಯೇ.

ಲಿಂಗಸುಗೂರು ಕಡೆಯ ಅಯ್ಯಮ್ಮ ಕೇಳಿದ್ದು ಇನ್ನೂ ಕಷ್ಟ.
"ರೊಟ್ಟಿ ಜೋಡಿ ಹಕ್ಕರಕಿ ಹಸೀದ ತಿಂತೀವಿ,
ಹೊಲದಾಗ ಮುಟಿಗಿಲೆ ಕಿತ್ತು, ಮಣ್ಣು ಝಾಡಿಸಿ.
ಅದು ಎಷ್ಟು ಬಟ್ಟಲಾತು?"
ಹಾಳೆಯಲ್ಲಿ ಮುಷ್ಟಿಗೆ ಕಾಲಂ ಇರಲಿಲ್ಲ.
ಅವಳ ಮುಷ್ಟಿ ಬಿಡಿಸಿ ನೋಡಿದೆ:
ನನ್ನದಕ್ಕಿಂತ ದೊಡ್ಡದು,
ಹತ್ತಿ ಬಿಡಿಸಿದ ಗೀರು, ಅದರ ಮೇಲೆ ನೀಲಿ ಶಾಯಿಯಲ್ಲಿ
ನಾಳೆಯ ಪರೀಕ್ಷೆಯ ಒಂದು ಸೂತ್ರ.
ಮುಚ್ಚಿ ಹಾಗೇ ವಾಪಸು ಕೊಟ್ಟೆ.

ಸ್ವರ್ಣಲತಾ ಮಾತ್ರ ಎಲ್ಲಕ್ಕೂ ಥಟ್ಟನೆ ಉತ್ತರ ಹೇಳಿದಳು.
ಅವಳ ಮೊಬೈಲಿನಲ್ಲಿ ಸೌತೆಕಾಯಿಗೊಂದು ಸಂಖ್ಯೆ, ಸೇಬಿಗೊಂದು ಸಂಖ್ಯೆ,
ಸಂಜೆ ಕೂಡಿಸಿದರೆ ಕೆಂಪೋ ಹಸಿರೋ.
ಮಂಚದ ಕೆಳಗೆ ಡಬ್ಬಿ ತುಂಬ ಮನೆಯ ಶೇಂಗಾ ಹೋಳಿಗೆ.
"ಅದರ ನಂಬರ್ ಸಿಗಲಿಲ್ಲಕ್ಕ. ಅದಕ್ಕ ತಿಂದಿಲ್ಲ."
ಪ್ರಶ್ನೆ ಹದಿನಾರು: ನಿಮ್ಮ ದೇಹ ಹೇಳುವುದನ್ನು ನಂಬುತ್ತೀರಾ?
ಅವಳು ಬಹಳ ಹೊತ್ತು ಕಿಟಕಿ ನೋಡಿದಳು.
"ಅದು ಯಾವಾಗ ಹೇಳ್ತದ?"

ನಾನು ಕೆಳಗಿಳಿದೆ.
ಗೇಟಿನಾಚೆ ಲೈಟುಕಂಬದ ಬುಡದಲ್ಲಿ ಹುಸೇನಬಿ,
ಗುಡ್ಡದ ಸೀತಾಫಲದ ಬುಟ್ಟಿ ತಳ ಕಾಣುತ್ತಿತ್ತು.
ಅವಳು ಒತ್ತಿ ನೋಡುವುದಿಲ್ಲ. ಬರೀ ಕಣ್ಣಲ್ಲೇ ಬೇರೆ ಮಾಡುತ್ತಾಳೆ:
ಇದು ಕಣ್ಣು ಬಿಟ್ಟದ, ಇದು ಬಿಡ್ಲಿಕ್ಕತ್ಯಾದ,
ಇದಕ್ಕ ಅಕ್ಕಿ ಡಬ್ಬಿಯಾಗ ಎರಡು ದಿನ ಮಲಗಿಸು.
"ನಿನಗ ಯಾವಾಗ ಬೇಕು ತಾಯಿ?"
ನನ್ನ ಇಪ್ಪತ್ತಮೂರರಲ್ಲಿ ಈ ಪ್ರಶ್ನೆ ಇರಲಿಲ್ಲ.
"ಈಗ" ಎಂದೆ.
ಅಂದಮೇಲೆ ನೆನಪಾಯಿತು,
ಮಧ್ಯಾಹ್ನದಿಂದ ನನ್ನ ಬಾಯಿಗೆ ಬಿದ್ದದ್ದು
ಪೆನ್ನಿನ ಮುಚ್ಚಳ ಒಂದೇ.

ಐದು ಹಣ್ಣು, ನೆಲದ ಮೇಲೆ ಐದು ಜನ.
ಹಾಸಲು ಪೇಪರ್ ಸಿಗಲಿಲ್ಲ, ನಲವತ್ತನೇ ಹಾಳೆ ಹಾಸಿದೆವು,
ನನ್ನ ಹೆಸರಿಗೆ ಇಟ್ಟುಕೊಂಡಿದ್ದದ್ದು.
ಮಾತು ನಿಂತಿತು. ಬೀಜ ಉಗುಳುವ ಸದ್ದು,
ಯಾರದೋ ಮೊಣಕೈವರೆಗೂ ಇಳಿದ ರಸ.
ದುರುಗಮ್ಮನಿಗೆ ಗಂಟೆ ಬೇಕಾಗಲಿಲ್ಲ.
ಅಯ್ಯಮ್ಮ ಸಿಪ್ಪೆಯನ್ನು ಹಲ್ಲಿನಿಂದ ಕೆರೆದಳು.
ಸ್ವರ್ಣಲತಾ ನಾಲ್ಕು ತೊಳೆ ತಿಂದು "ಸಾಕು" ಎಂದಳು.
ಹೊಟ್ಟೆ ಹೇಳಿತೋ, ಹೆದರಿಕೆ ಹೇಳಿತೋ,
ನನಗೆ ತಿಳಿಯಲಿಲ್ಲ.
ಕೇಳಲೂ ಇಲ್ಲ.
ಅವಳ ಮೊಬೈಲು ಆ ಕಡೆ ಗೋಡೆಗೆ ಚಾರ್ಜಿಗಿತ್ತು,
ಆಗಾಗ ತಾನೇ ಬೆಳಗಿ ತಾನೇ ಆರುತ್ತಿತ್ತು.

ಬೆಳಿಗ್ಗೆ ಎದ್ದಾಗ ಹಾಳೆಯ ಮೇಲೆ ಇರುವೆ ಸಾಲು.
ಪ್ರಶ್ನೆ ಏಳರ ಖಾಲಿ ಚೌಕದಲ್ಲಿ ದಟ್ಟವಾಗಿ ಸೇರಿ
ಏನನ್ನೋ ಬರೆಯುವಂತೆ ಓಡಾಡುತ್ತಿದ್ದವು,
ಹದಿನಾರಕ್ಕೆ ಬಂದು ಒಂದು ಸುತ್ತು ಹಾಕಿ ಮುಂದೆ ಹೋದವು.

ಗೈಡ್ ಮೇಡಂ ಎರಡು ಸಲ ಎಣಿಸಿದರು.
"ಮೂವತ್ತೊಂಬತ್ತೇ ಅದಾವಲ್ಲ. ಇನ್ನೊಂದು?"
"ಅಂಟಾಗಿತ್ತು, ಮೇಡಂ."